ಮಾವನ ಡಿಫೆನ್ಸ್ ಮತ್ತು ಬೀಗರ ಉಪಚಾರ

ನಮ್ಮ ಸೋದರಮಾವನಿಗೆ ಫುಟ್‌ಬಾಲ್ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಖಂಡಿತ ಒಪ್ಪುವುದಿಲ್ಲ. ಚೆಂಡು ದುಂಡಗಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು! ಇಷ್ಟೇ ಬಂಡವಾಳದಲ್ಲಿ ಅವರು ಒಂದು ಇಡೀ ಸೀಸನ್ ನಮ್ಮ ಹನುಮಂತನಗರದ ತಂಡಕ್ಕೆ ಕೋಚ್ ಆಗಿದ್ದರು.

ಬಳೇಪೇಟೆಯಲ್ಲಿ ಅವರದು ಬಳೆಯ ಸಗಟು ಅಂಗಡಿ. ಅದು ಹೊಟ್ಟೆಪಾಡಿಗೆ. ನಿಜವಾದ ಕಸುಬು ನೆಂಟರ ಮದುವೆಗಳ ಉಸ್ತುವಾರಿ. ಚಾಮರಾಜಪೇಟೆಯ ಛತ್ರಗಳಲ್ಲಿ ಅವರು ಸಂಭಾಳಿಸದ ಬೀಗರಿಲ್ಲ. ಗಂಡಿನ ಕಡೆಯವರು ಸ್ವಲ್ಪ ಮೂತಿ ತಿರುವಿದರೆ ಸಾಕು, ಹೆಣ್ಣಿನ ಅಪ್ಪ ಬಾಯಿ ತೆರೆಯುವ ಮೊದಲೇ ಮಾವ ಮುಂದೆ ನುಗ್ಗಿ, “ತಪ್ಪು ನಂದು ಸ್ವಾಮಿ!” ಎನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೂ ಅವರದೇ ತಪ್ಪು, ಕರೆಂಟು ಹೋದರೂ ಅವರದೇ ತಪ್ಪು. ಒಮ್ಮೆ ಮದುಮಗನೇ ತಡವಾಗಿ ಬಂದಾಗಲೂ ಇವರೇ ಕ್ಷಮೆ ಕೇಳಿದ್ದಾರೆ! ಇಂಥವರಿಗೆ ಏನು ಹೇಳೋಣ?

ನಾನು ತಂಡದ ಗೋಲ್‌ಕೀಪರ್. ಹಿಂದಿನ ಸೀಸನ್ನಿನ ಸೋಲುಗಳನ್ನೆಲ್ಲ ತಂಡದವರು ನನ್ನ ತಲೆಗೇ ಕಟ್ಟಿದ್ದರು. “ಇನ್ನೊಂದ್ಸಲ ಕೈ ಜಾರ್ಲಿ ಮಗಾ, ಕೀಪರ್‌ನ ಚೇಂಜ್ ಮಾಡ್ಬಿಡ್ತೀನಿ” ಎಂದು ಕ್ಯಾಪ್ಟನ್ ಎಲ್ಲರೆದುರೇ ಹೇಳಿದ್ದ. ನನಗಿರುವುದು ಇದೊಂದೇ ಹುಚ್ಚು. ಮಾವನ ಮುಂದೆ ಅತ್ತೂಬಿಟ್ಟೆ, ಮೂವತ್ತು ದಾಟಿದ ಗಂಡಸು! ಮುಂದಿನ ಭಾನುವಾರ ಬೆಳಿಗ್ಗೆ ಮಾವ ಪಂಚೆಯುಟ್ಟು, ಕೊರಳಿಗೆ ವಿಷಲ್ ನೇತುಹಾಕಿಕೊಂಡು ಮೈದಾನಕ್ಕೆ ಬಂದೇಬಿಟ್ಟರು. ಹಳೆಯ ಕೋಚ್ ಬಿಟ್ಟುಹೋಗಿ ತಿಂಗಳಾಗಿತ್ತು. ಪುಕ್ಕಟೆ ಬಂದವರನ್ನು ಬೇಡ ಎನ್ನುವವರು ಯಾರು?

ಮೊದಲ ದಿನವೇ ನಾಲ್ವರು ಡಿಫೆಂಡರ್‌ಗಳನ್ನು ಸಾಲಾಗಿ ನಿಲ್ಲಿಸಿದರು.

“ನೋಡ್ರಪ್ಪಾ, ಎದುರು ಟೀಮಿನವ್ರು ಬೀಗ್ರು ಅಂದ್ಕೊಳ್ಳಿ. ಒಬ್ಬೊಬ್ಬ ಬೀಗ್ರಿಗೆ ನಮ್ಮ ಕಡೆಯವ್ರು ಒಬ್ಬೊಬ್ರು. ಅವ್ರು ಎದ್ರೆ ನೀವೂ ಏಳ್ಬೇಕು, ಕೂತ್ರೆ ಕೂರ್ಬೇಕು. ಒಬ್ರನ್ನೂ ಒಂಟಿಯಾಗಿ ಬಿಡ್ಬಾರ್ದು.”

ತಮಾಷೆಯೆಂದರೆ, ದೊಡ್ಡ ದೊಡ್ಡ ತಂಡಗಳೂ ಮಾಡುವುದು ಹೆಚ್ಚುಕಡಿಮೆ ಇದನ್ನೇ! ಮೊದಲ ಪಂದ್ಯದ ಅರ್ಧ ಹೊತ್ತು ಒಂದು ಗೋಲೂ ಬೀಳಲಿಲ್ಲ. ಆಮೇಲೆ ಎದುರಾಳಿ ಫಾರ್ವರ್ಡ್ ಒಬ್ಬನ ಕಾಲು ಉಳುಕಿತು. ಅವನು ಕುಂಟುತ್ತಾ ಮೈದಾನದಿಂದ ಹೊರಟ. ನಮ್ಮ ಡಿಫೆಂಡರ್ ಮಂಜ, ತರಕಾರಿ ವ್ಯಾಪಾರದವನು, ಬಲು ಮರ್ಯಾದಸ್ಥ, ಅವನ ಜೊತೆಗೇ ಹೋಗಿ, ಬೆಂಚಿನ ಮೇಲೆ ಕೂರಿಸಿ, ನೀರಿನ ಬಾಟಲಿ ಕೈಗೆ ಕೊಟ್ಟ. ಇತ್ತ ಖಾಲಿ ಬಿದ್ದ ಜಾಗದಿಂದ ಗೋಲು!

“ಯಾಕೋ ಹೋದೆ?” ಎಂದು ಕ್ಯಾಪ್ಟನ್ ಕಿರುಚಿದ.

“ಮನೆಗೆ ಹೊರಟ ಬೀಗ್ರನ್ನ ಹಂಗೇ ಕಳ್ಸಕ್ಕಾಗುತ್ತಾ ಗುರು?”

“ತಪ್ಪು ನಂದು,” ಎಂದರು ಮಾವ. “ಗೆರೆ ತನಕ ಬಿಟ್ಟು ಬಂದ್ರೆ ಸಾಕು ಅಂತ ನಾನು ಹೇಳ್ಬೇಕಿತ್ತು.”

ಮುಂದಿನ ಪಂದ್ಯಕ್ಕೆ ಹೊಸ ಸ್ಕೀಮ್ ಬಂತು: ಊಟದ ಪಂಕ್ತಿ. ಪಂಕ್ತಿಯಲ್ಲಿ ಒಬ್ಬ ಮೊದಲು ಎದ್ದು ಕೈ ತೊಳೆಯಬಾರದಲ್ಲವೇ? ಹಾಗೆಯೇ ಡಿಫೆನ್ಸಿನ ನಾಲ್ವರೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ನಾಲ್ವರೂ ಎಷ್ಟು ಒಟ್ಟಾದರೆಂದರೆ, ಎಡಮೂಲೆಗೆ ಚೆಂಡು ಹೋದರೆ ನಾಲ್ವರೂ ಎಡಮೂಲೆಗೆ! ಉಳಿದ ಮೈದಾನದಲ್ಲಿ ನಾನೊಬ್ಬನೇ. ನಾಲ್ಕು ಗೋಲು ಬಿದ್ದವು. ನನ್ನನ್ನು ಬೈಯಲು ಯಾರಿಗೂ ಪುರುಸೊತ್ತೇ ಇರಲಿಲ್ಲ. ಎಲ್ಲರೂ ಮಾವನನ್ನು ಸುತ್ತುವರಿದಿದ್ದರು.

ಹೀಗೇ ಬಿದ್ದು ಎದ್ದು ಕೊನೆಯ ಪಂದ್ಯಕ್ಕೆ ಬಂದೆವು. ಡ್ರಾ ಆದರೂ ಸಾಕು, ಲೀಗಿನಲ್ಲಿ ಉಳಿಯುತ್ತಿದ್ದೆವು. ಅವತ್ತು ನೋಡಿ, ಅದೇನಾಯಿತೋ, ಉಪಚಾರವೂ ಪಂಕ್ತಿಯೂ ಒಂದಕ್ಕೊಂದು ಕೂಡಿಬಂದವು. ಮಂಜ ತನ್ನ ಬೀಗನಿಗೆ ಉಸಿರಾಡಲೂ ಬಿಡಲಿಲ್ಲ. ಕೊನೆಯ ನಿಮಿಷದವರೆಗೂ ಸೊನ್ನೆ–ಸೊನ್ನೆ! ಆಗ ಒಂದು ಚೆಂಡು, ದೂರದಿಂದ ಯಾರೋ ಸುಮ್ಮನೆ ತಳ್ಳಿದ ಚೆಂಡು, ಉರುಳುತ್ತಾ ನನ್ನ ಬಳಿ ಬಂತು. ಬಗ್ಗಿ ಹಿಡಿದೆ. ಹಿಡಿದೆ ಎಂದುಕೊಂಡೆ. ಅದು ಕೈ ಜಾರಿ, ಕಾಲ ಸಂದಿಯಲ್ಲಿ ನುಸುಳಿ, ನಿಧಾನವಾಗಿ ಬಲೆಗೆ ಹೋಗಿ ಕೂತಿತು.

ಹತ್ತು ಜನ ನನ್ನತ್ತ ತಿರುಗಿದರು. ಕ್ಯಾಪ್ಟನ್ ಬಾಯಿ ತೆರೆದ. ಅಷ್ಟರಲ್ಲಿ ಮಾವ ಪಂಚೆ ಎತ್ತಿಕಟ್ಟಿ ಮೈದಾನದೊಳಗೆ ಓಡಿ ಬಂದರು. ಅವರು ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ತಪ್ಪು ನಂದು! ಅವನನ್ನ ಏನೂ ಅನ್ಬೇಡಿ! ಚೆಂಡು ಬಂದ್ರೆ ಗಟ್ಟಿಯಾಗಿ ಹಿಡಿಬೇಡ, ಮೊದ್ಲು ಕೈ ಚಾಚಿ ಸ್ವಾಗತ ಮಾಡು ಅಂತ ನಾನೇ ಹೇಳ್ಕೊಟ್ಟಿದ್ದೆ!”

“ಸ್ವಾಗತಾನಾ?” ಕ್ಯಾಪ್ಟನ್ ತಲೆ ಚಚ್ಚಿಕೊಂಡ. “ಪನ್ನೀರು ಚಿಮುಕಿಸೋದೊಂದು ಬಾಕಿ ಇತ್ತು! ಕೈ ಮುಗೀತೀನಿ ಮಾವ, ನಾಳೆಯಿಂದ ನೀವು ಬರ್ಬೇಡಿ.”

ಲೀಗಿನಿಂದ ತಂಡ ಹೊರಬಿತ್ತು, ತಂಡದಿಂದ ಮಾವ ಹೊರಬಿದ್ದರು. ನನ್ನನ್ನು ತೆಗೆಯುವ ಮಾತು ಯಾರಿಗೂ ನೆನಪಾಗಲಿಲ್ಲ.

ಹನುಮಂತನಗರದ ಮೂಲೆಯ ಹೋಟೆಲಿನಲ್ಲಿ ಬೈ ಟು ಕಾಫಿ ಹಿಡಿದು ನಿಂತಾಗ ಕೇಳಿದೆ.

“ಮಾವ, ಸ್ವಾಗತ ಗೀಗತ ಅಂತ ನೀವು ನಂಗೆ ಹೇಳೇ ಇರ್ಲಿಲ್ಲ.”

“ಹೇಳಿದ್ದೆ ಅಂತ ಇಟ್ಕೊ.”

“ಯಾಕೆ ಮಾವ?”

ಮಾವ ಕೊರಳಿನ ವಿಷಲ್ ತೆಗೆದು ಜೇಬಿಗೆ ಹಾಕಿಕೊಂಡರು. “ಸಾರು ಉಪ್ಪಾಯ್ತು ಅಂತ ಹೆಣ್ಣಿನ ಅಪ್ಪ ಎಲ್ರೆದುರು ತಲೆ ತಗ್ಗಿಸ್ಬಾರ್ದು ಕಣೋ. ಬೈಸ್ಕೊಳ್ಳಕ್ಕೆ ಅಂತಾನೇ ಮನೇಲಿ ಒಬ್ಬ ಇರ್ಬೇಕು. ನಂಗೆ ಫುಟ್‌ಬಾಲ್ ಎಲ್ಲಿ ಬರುತ್ತೆ? ಇದೊಂದು ಬರುತ್ತೆ.”

ಕಣ್ಣು ಒರೆಸಿಕೊಳ್ಳುತ್ತಾ, ಕಾಫಿ ಸುಟ್ಟಿತು ಎಂದು ಸುಳ್ಳು ಹೇಳಿದೆ.

“ತಪ್ಪು ನಂದು,” ಎಂದರು ಮಾವ. “ಆರಿಸಿ ಕೊಡ್ಬೇಕಿತ್ತು.”