ಹತ್ತು ಬೆರಳಿನ ಕಾವಲು

ನನ್ನ ಮೈದುನನಿಗೆ ಇವತ್ತಿಗೂ ಕೈಬೆರಳು ಹತ್ತು ಇವೆ. ಇದರ ಕೀರ್ತಿ ಅವನಿಗೇ ಸೇರಬೇಕೆಂದು ನೀವು ತಿಳಿದಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಅವನು ಬೆರಳು ಕಳೆದುಕೊಳ್ಳಲಿಕ್ಕೆಂದೇ ಹಗಲೆಲ್ಲ ದುಡಿದವನು. ಉಳಿಸಿಕೊಟ್ಟವಳು ನಾನು. ಆ ಕಾಲದಲ್ಲಿ ನನ್ನ ಮೈಯಲ್ಲಿ ಕರಗಿದ ರಕ್ತಕ್ಕೆ ಲೆಕ್ಕವಿಟ್ಟವರು ಯಾರಿದ್ದಾರೆ?

ನಾನು ಹುಟ್ಟಾ ಅಂಜುಬುರುಕಿ. ಅಥಣಿಯ ತವರಿನಲ್ಲಿ ಕುಕ್ಕರ್ ಸೀಟಿ ಹೊಡೆದರೆ ಅಂಗಳಕ್ಕೆ ಓಡುತ್ತಿದ್ದೆ. ಮಿಂಚಿದರೆ ಸಾಕು, ಗುಡುಗು ಬರುವ ಮೊದಲೇ ಕಿವಿ ಮುಚ್ಚಿಕೊಂಡು ಅದರ ದಾರಿ ಕಾಯುತ್ತಿದ್ದೆ. ಇಂಥವಳನ್ನು ಎಂಬತ್ತರ ದಶಕದ ಕೊನೆಯಲ್ಲಿ ಜುಗೂಳಕ್ಕೆ, ಹೊಳೆದಂಡೆಯ ಕಬ್ಬಿನ ಮನೆತನಕ್ಕೆ ಕೊಟ್ಟರು. ಗಂಡ ಸಾಧು. ಮಾವನವರದು ಮಾತು ಕಡಿಮೆ, ಅತ್ತೆಯದು ಇನ್ನೂ ಕಡಿಮೆ. ಮನೆಯವರೆಲ್ಲರ ಪಾಲಿನ ಉಪದ್ವ್ಯಾಪವನ್ನು ಒಬ್ಬನೇ ಹೊತ್ತುಕೊಂಡವನು ಈ ಮೈದುನ.

ಅವನ ಹುಚ್ಚೆಂದರೆ ಸಣ್ಣ ಸಣ್ಣ ಸಾಮಾನು ಮಾಡುವುದು. ಅಂಗೈ ಮೇಲೆ ನಿಲ್ಲುವ ಚಕ್ಕಡಿ, ಬೆಂಕಿಪೊಟ್ಟಣದೊಳಗೆ ಮಲಗುವ ನೇಗಿಲು, ಹುಣಸೆಬೀಜದಷ್ಟು ಕೊಡ. ಹೊಲದಲ್ಲಿ ನಿಜವಾದ ನೇಗಿಲು ಇವನಿಗಾಗಿ ಕಾದು ಬೇಸತ್ತು ಮಲಗಿರುತ್ತಿತ್ತು, ಇವನು ಪಡಸಾಲೆಯಲ್ಲಿ ಅದರ ಮರಿಗೆ ಕುಳ ಕೂಡಿಸುತ್ತ ಕುಳಿತಿರುತ್ತಿದ್ದ. ಎಲ್ಲವೂ ಒಂದು ಚಾಕು, ಒಂದು ಅರದಿಂದ ಆಗುತ್ತಿತ್ತಾದ್ದರಿಂದ ನಾನೂ ಸುಮ್ಮನಿದ್ದೆ. ಚಾಕುವಿನ ಗಾಯಕ್ಕೆ ಅರಿಶಿಣ ಸಾಕಲ್ಲ!

ಒಂದು ದಿನ ಹಲ್ಲುನೋವೆಂದು ಮಿರಜಿಗೆ ಹೋದ. ಸಂಜೆ ಬಸ್ಸಿಳಿದು ಬಂದಾಗ ನೋಡುತ್ತೇವೆ, ಹಲ್ಲು ಬಾಯಲ್ಲೇ ಇತ್ತು. ಹಲ್ಲು ಕೊರೆಯುವ ಯಂತ್ರ ಹೆಗಲ ಮೇಲಿತ್ತು! ಡಾಕ್ಟರು ಹೊಸ ಯಂತ್ರ ತರಿಸಿ ಹಳೆಯದನ್ನು ಮೂಲೆಗೆ ತಳ್ಳಿದ್ದರಂತೆ. ಇವನು ಕುರ್ಚಿಯಲ್ಲಿ ಬಾಯಿ ತೆರೆದು ಕೂತವನು ಅದನ್ನು ಕಂಡ ಮೇಲೆ ಬಾಯಿ ಮುಚ್ಚಲೇ ಇಲ್ಲವಂತೆ. ಆಳೆತ್ತರದ ಕಬ್ಬಿಣದ ಕಂಬ, ಅದರ ತಲೆಯ ಮೇಲೊಂದು ಮೋಟಾರು, ಅಲ್ಲಿಂದ ಜೋತುಬಿದ್ದ ಉದ್ದನೆಯ ನಳಿಕೆ, ನಳಿಕೆಯ ತುದಿಯಲ್ಲಿ ಪೆನ್ನಿನಂತೆ ಹಿಡಿಯುವ ಹಿಡಿಕೆ, ಅದರ ಬಾಯಿಗೆ ಸೂಜಿಯಂಥ ಬೈರಿಗೆ. ನೆಲದ ಮೇಲೊಂದು ಪೆಡಲು. ಕಾಲಿನಿಂದ ಒತ್ತಿದರೆ ಬೈರಿಗೆ ತಿರುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ.

ಮೊದಲ ಸಲ ಅದು ಕುಂಯ್ ಎಂದಾಗ ನನ್ನ ಹಲ್ಲೆಲ್ಲ ಜುಮ್ಮೆಂದವು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ನನ್ನ ಮಾತ ಅಂವ ಕೇಳೂದಿಲ್ಲ. ನೀ ವೈನಿ ಅದಿ, ನಿನ್ನ ಮಾತ ಕೇಳ್ತಾನ. ಅವನ ಕೈ ಮ್ಯಾಲ ಒಂದ ಕಣ್ಣ ಇಡವಾ."

ಅತ್ತೆ ಹೀಗೆ ಹೇಳಿದರೆಂದರೆ ಅದಕ್ಕೆ ತೂಕವಿತ್ತು. ಅವರ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಎರಡೂ ಬುಡದಿಂದ ಇರಲಿಲ್ಲ. ನಾನು ಸೊಸೆಯಾಗಿ ಬರುವ ಮುಂಚೆಯೇ ನಮ್ಮದೇ ಹೊಲದ ಕಬ್ಬಿನ ಗಾಣದಲ್ಲಿ ಹೋದವಂತೆ. ಹೇಗೆ ಎಂದು ಯಾರೂ ಹೇಳಿರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಅಂದಿನಿಂದ ಅವರು ಗಾಣದ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಬೀಗರು ಬಿಜ್ಜರು ಬಂದರೆ ಬಲಗೈ ಸೆರಗಿನೊಳಗೆ ಹೋಗುತ್ತಿತ್ತು, ಬಡಿಸುವ ಕೆಲಸ ನನಗೆ ಬರುತ್ತಿತ್ತು.

ಒಂದು ಕಣ್ಣೇನು, ಎರಡನ್ನೂ ಇಟ್ಟೆ. ಊಟಕ್ಕೆ ಕೂತಾಗ ಕೈ ತೋರಿಸದೆ ಅವನ ತಾಟಿಗೆ ರೊಟ್ಟಿ ಬೀಳುತ್ತಿರಲಿಲ್ಲ.

"ವೈನಿ, ಇದೇನ ಸಾಲಿ ಏನ್ರಿ?" ಎನ್ನುತ್ತಿದ್ದ.

"ಎಡಗೈನೂ ತೋರ್ಸ," ಎನ್ನುತ್ತಿದ್ದೆ.

ಹತ್ತೂ ಇವೆ ಎಂದು ಖಾತ್ರಿಯಾದ ಮೇಲೆಯೇ ನನ್ನ ಎದೆಬಡಿತ ಹಾದಿಗೆ ಬರುತ್ತಿತ್ತು. ಅದೂ ಮುಂದಿನ ಕುಂಯ್ ತನಕ!

ಅವನ ಕೈ ಕಾಯುವುದೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು, ಊರವರ ಬಾಯಿಯೂ ನನ್ನ ಕೊರಳಿಗೆ ಬಿತ್ತು. ಹಲ್ಲಿನ ಮಷೀನು ಬಂದಿದೆಯೆಂಬ ಸುದ್ದಿ ಹಬ್ಬಿ, ಒಂದು ಬೆಳಿಗ್ಗೆ ಕೆಳಗಿನ ಓಣಿಯ ಹಿರಿಯರೊಬ್ಬರು ಊದಿದ ಗಲ್ಲ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. ತನಗೆ ಹಲ್ಲಿನ ವಿದ್ಯೆ ಗೊತ್ತಿಲ್ಲವೆಂದು ಮೈದುನ ಕೈಮುಗಿದ. ಹಿರಿಯರು ಕದಲಲಿಲ್ಲ.

"ನಿನಗ ಗೊತ್ತಿರದಿದ್ರ ಏನಾತೋ, ಮಷೀನಿಗಿ ಗೊತ್ತಿರತೈತೆಲ್ಲ," ಎಂದು ಬಾಯಿ ತೆರೆದೇಬಿಟ್ಟರು. ಮೈದುನನ ಕಣ್ಣಲ್ಲಿ ಒಂದು ಆಸೆ ಮಿಂಚಿದ್ದನ್ನು ನಾನು ಸ್ವತಃ ಕಂಡೆ. ಓಡಿಹೋಗಿ ಗೋಡೆಯಿಂದ ತಂತಿ ಕಿತ್ತು, ಹಿರಿಯರ ಕೈಯಲ್ಲಿ ಎರಡು ಲವಂಗ ಇಟ್ಟು ಮಿರಜಿನ ಬಸ್ಸು ತೋರಿಸಿದೆ.

ಆಮೇಲೆ ಕಣ್ಣಿನ ಸರದಿ. ಕಟ್ಟಿಗೆಯ ಪುಡಿ ಕಣ್ಣಿಗೆ ಹಾರಿ ಎರಡು ದಿನ ಕೆಂಪಗೆ ಮಾಡಿಕೊಂಡು ಕುಳಿತ. ಕನ್ನಡಕ ಹಾಕಿಕೋ ಎಂದೆ. ಹಾಕಿಕೊಂಡ. ಮಾವನವರ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕರೀ ಕನ್ನಡಕ! ಬಾಯಿಗೆ ಒದ್ದೆ ಟವೆಲ್ಲು, ಕಣ್ಣಿಗೆ ಆ ಕರೀ ಗಾಜು. ದರೋಡೆಗೆ ಹೊರಟವನ ಹಾಗೆ ಕುಳಿತು ತಡಕಾಡಿ ಕೊರೆಯುತ್ತಿದ್ದ. ಕಣ್ಣು ಉಳಿಯಿತು ಸರಿ, ಕಣ್ಣೇ ಕಾಣದ ಮೇಲೆ ಬೆರಳಿನ ಗತಿ? ನನ್ನ ಗಂಡನನ್ನು ಚಿಕ್ಕೋಡಿಗೆ ಅಟ್ಟಿ, ಮೋಟರ್ ಸೈಕಲ್ಲಿನವರು ಹಾಕುವ ಬಿಳಿ ಗಾಜಿನ ಕನ್ನಡಕ ತರಿಸುವವರೆಗೆ ನನಗೆ ಅನ್ನ ಸೇರಲಿಲ್ಲ.

ಸಾಮಾನನ್ನು ಬೆರಳಲ್ಲಿ ಹಿಡಿದು ಕೊರೆಯಬೇಡವೆಂದು ಅಡಿಗೆಮನೆಯ ಇಕ್ಕಳ ಕೊಟ್ಟೆ. ಥಂಡಿಯೆಂದು ಶಾಲು ಹೊದ್ದು ಕೂತರೆ ಅದರ ತುದಿ ಬೈರಿಗೆಗೆ ಸಿಕ್ಕೀತೆಂದು ಕಸಿದೆ. ಗಟ್ಟಿ ಒತ್ತಬೇಡ, ಯಂತ್ರ ತನ್ನ ಪಾಡಿಗೆ ಕೊರೆಯಲಿ ಎಂದು ಗಿಣಿಪಾಠ ಹೇಳಿದೆ. ಆದರೂ ಒಂದು ದಿನ ಗಟ್ಟಿ ಒತ್ತಿದ. ಬೈರಿಗೆ ಮುರಿದು ಹಾರಿ, ನಾನು ತೊಳೆದಿಟ್ಟ ಹಿತ್ತಾಳೆ ಕೊಡಕ್ಕೆ ಠಣ್ ಎಂದು ಬಡಿಯಿತು. ಕೊಡಕ್ಕೆ ತಗ್ಗು ಬಿತ್ತು. ಅದೇ ಜಾಗದಲ್ಲಿ ಅರೆಗಳಿಗೆ ಮುಂಚೆ ನನ್ನ ತಲೆ ಇತ್ತು! ಅಂದಿನಿಂದ ಅವನು ಕೊರೆಯುವಾಗ ನಾನು ಪಡಸಾಲೆಯ ಕಂಬದ ಮರೆಯಲ್ಲಿ ನಿಂತು ಕಾವಲು ಕಾಯತೊಡಗಿದೆ. ಅವನೂ ಕಲಿಯಲಿಲ್ಲವೆಂದಲ್ಲ. ಕಡೆಕಡೆಗೆ ನನ್ನ ಕಾನೂನು ನನಗೇ ತಿರುಗಿತು.

"ವೈನಿ, ಸೆರಗ ಸಿಗಿಸ್ಕೊಂಡ ಬರ್ರಿ, ಇಲ್ಲಾಂದ್ರ ಹೊರಗ ನಿಂದರ್ರಿ."

ಇನ್ನು ನನಗಿದ್ದ ಅವಸರ ಒಂದೇ. ಬೆರಳು ಹತ್ತೂ ಇರುವಾಗಲೇ ಇವನ ಮದುವೆ ಮುಗಿಸಬೇಕು. ಆಮೇಲೆ ಎಣಿಸುವ ಕೆಲಸ ಬಂದವಳಿಗೆ. ಅಂತೂ ರಾಯಬಾಗ ಕಡೆಯ ಒಂದು ಸಂಬಂಧ ಕೂಡಿಬಂದು, ಹುಡುಗನನ್ನೂ ಮನೆಯನ್ನೂ ನೋಡಲು ಹುಡುಗಿಯ ಕಡೆಯವರು ಬಂದರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿತ್ತು. ಪುಣ್ಯ ಕಟ್ಟಿಕೊಂಡಿತು ಎಂದುಕೊಂಡೆ. ಪಡಸಾಲೆಯ ಮೂಲೆಯಲ್ಲಿ ಯಂತ್ರದ ನಳಿಕೆ ತನ್ನ ಕಂಬಕ್ಕೆ ಜೋತುಬಿದ್ದು ಸುಮ್ಮನಿತ್ತು. ಮೈದುನ ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಮಳ್ಳನ ಹಾಗೆ ಕುಳಿತಿದ್ದ. ಹುಡುಗಿಯ ಸೋದರಮಾವ ಸೆಕೆಯೆಂದು ತಲೆಯ ರುಮಾಲು ಬಿಚ್ಚಿ ಮೂಲೆಯ ಗೂಟಕ್ಕೆ ಹಾಕಿದರು. ನಾನು ಚಹದ ಕಪ್ಪು ಹಿಡಿದು ಬಾಗಿಲು ದಾಟಿದೆ.

ಕರೆಂಟು ಬಂತು.

ಯಾರೂ ಮುಟ್ಟಿರಲಿಲ್ಲ. ಯಂತ್ರ ತಾನಾಗಿಯೇ ಕುಂಯ್ ಎಂದು ಎದ್ದಿತು! ಬಾಲ ಹಿಡಿದೆತ್ತಿದ ಹಾವಿನ ಹಾಗೆ ನಳಿಕೆ ಹೊಯ್ದಾಡಿ, ಬೈರಿಗೆ ಹೋಗಿ ಸೋದರಮಾವನ ರುಮಾಲಿನ ತುದಿ ಕಚ್ಚಿತು. ಕಚ್ಚಿದ್ದೇ ತಡ, ಗರಗರನೆ ಸುತ್ತತೊಡಗಿತು. ಸೋದರಮಾವ ಒಂದು ತುದಿ ಹಿಡಿದು ಜಗ್ಗುತ್ತಾರೆ, ಯಂತ್ರ ಇನ್ನೊಂದು ತುದಿ ಹಿಡಿದು ಜಗ್ಗುತ್ತದೆ! ನನ್ನ ಕೈಯ ಚಹ ಯಾರ ಧೋತರದ ಮೇಲೆ ಬಿತ್ತೋ ಇವತ್ತಿಗೂ ಗೊತ್ತಿಲ್ಲ.

ಆಗ ನನಗೆ ಕಂಡಿತು, ಪೆಡಲಿನ ಮೇಲೆ ಅಡಿಗೆಮನೆಯ ರುಬ್ಬುವ ಒಳಕಲ್ಲಿನ ಗುಂಡು! ನಾನು ಎಂಟು ದಿನದಿಂದ ಹುಡುಕುತ್ತಿದ್ದ ಗುಂಡು. ಕಾಲು ನೋಯುತ್ತದೆಂದು ಅದನ್ನು ಪೆಡಲಿನ ಮೇಲೆ ಹೇರಿ ಕೆಲಸ ಮಾಡುತ್ತಿದ್ದನಂತೆ. ಕರೆಂಟು ಹೋದಾಗ ಗುಂಡು ಹಾಗೇ ಉಳಿದಿತ್ತು. ನಾನು ಕೈ ಕಾಯುತ್ತಿದ್ದರೆ ಅವನು ಕಾಲಿನಿಂದ ಮೋಸ ಮಾಡಿದ್ದ.

ನಾವೆಲ್ಲ ಕಲ್ಲಾಗಿ ನಿಂತಿದ್ದಾಗ ಒಳಗಿನಿಂದ ಓಡಿಬಂದವರು ಅತ್ತೆ. ಬೀಗರ ಮುಂದೆ ಎಂದೂ ಬಲಗೈ ತೋರದವರು, ಸೆರಗಿನ ಪರಿವೆಯಿಲ್ಲದೆ, ಆ ಕೈ ತೆರೆದುಕೊಂಡೇ ಪಡಸಾಲೆ ದಾಟಿ ಗೋಡೆಯ ತಂತಿಯನ್ನು ಕಿತ್ತೆಸೆದರು. ಯಂತ್ರ ನಿಂತಿತು.

"ಕರೆಂಟ ಹ್ವಾದ್ರ ಮಷೀನ ಸತ್ತಿರೂದಿಲ್ಲಪಾ," ಎಂದರು ಮಗನಿಗೆ. "ಮಕ್ಕೊಂಡಿರತೈತಿ, ಅಷ್ಟ."

ಬೀಗರು ಹೋದ ಮೇಲೆ ಗಂಡ ನನಗೆ ಎಲ್ಲ ಹೇಳಿದರು. ಅಂದೂ ಹೀಗೇ ಕರೆಂಟು ಹೋಗಿ ಗಾಣ ನಿಂತಿತ್ತಂತೆ. ಉರುಳೆಗಳ ನಡುವೆ ಸಿಕ್ಕ ಕಬ್ಬನ್ನು ಬಿಡಿಸಲು ಅತ್ತೆ ಕೈ ಹಾಕಿದಾಗ ಕರೆಂಟು ಬಂತಂತೆ. ಮೈದುನ ಆಗ ತೀರ ಸಣ್ಣವನು, ಅಲ್ಲೇ ಬಿಸಿ ಬೆಲ್ಲಕ್ಕೆ ಕೈಯೊಡ್ಡಿ ನಿಂತಿದ್ದನಂತೆ.

ಸಂಬಂಧ ಅಲ್ಲಿಗೇ ಮುರಿಯಿತೆಂದು ನಾನು ಅತ್ತಿದ್ದೇ ಬಂತು. ಮುರಿಯಲಿಲ್ಲ! ಆ ಹುಡುಗಿಯೇ ಈಗ ನನ್ನ ನೆಗೆಣ್ಣಿ. ಮದುವೆಯಲ್ಲಿ ಸೋದರಮಾವ ನಮ್ಮ ಖರ್ಚಿನ ಹೊಸ ರುಮಾಲು ಸುತ್ತಿಕೊಂಡು, ಪಡಸಾಲೆಯ ಮೂಲೆಯಿಂದ ದೂರ ಕುಳಿತಿದ್ದರು.

ಅದಿರಲಿ. ರುಮಾಲಿನ ಗದ್ದಲದ ಮೇಲೆ ಮೈದುನ ಬೇರೆಯೇ ಆದ. ಗುಂಡು ಅಡಿಗೆಮನೆಗೆ ಮರಳಿತು. ಕರೆಂಟು ಹೋದರೆ ಮೊದಲು ತಂತಿ ಕೀಳುತ್ತಿದ್ದ. ಬೈರಿಗೆ ಬದಲಿಸುವಾಗಲೂ ತಂತಿ ಕೀಳುತ್ತಿದ್ದ. ಊಟಕ್ಕೆ ಕೂತಾಗ ಕೇಳುವ ಮುಂಚೆಯೇ ಎರಡೂ ಕೈ ಚಾಚುತ್ತಿದ್ದ. ಹಠಮಾರಿ ಹೀಗೆ ಸೌಮ್ಯವಾದರೆ ಭಯವಾಗುವುದಿಲ್ಲವೇ? ನನಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಏನನ್ನೋ ಮಾಡುತ್ತಿದ್ದ, ನಾನು ಹತ್ತಿರ ಹೋದರೆ ಟವೆಲ್ಲು ಮುಚ್ಚುತ್ತಿದ್ದ.

ಕಬ್ಬಿನ ಹಂಗಾಮಿಗೆ ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ಅದನ್ನು ತಂದು ಅತ್ತೆಯ ಮುಂದಿಟ್ಟು ಟವೆಲ್ಲು ತೆಗೆದ. ಗಾಣ! ನಮ್ಮದೇ ಗಾಣ, ಒಂದು ಸೇರಿನಷ್ಟು ಗಾತ್ರದ್ದು. ಉರುಳೆ, ಹಲ್ಲುಗಾಲಿ ಎಲ್ಲ ಇದ್ದವು, ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಅವನ್ನು ತಿರುಗಿಸುತ್ತಿತ್ತು. ನಮ್ಮ ಗಾಣದಲ್ಲಿ ಇಲ್ಲದ ಎರಡು ವಸ್ತುಗಳೂ ಇದರಲ್ಲಿದ್ದವು. ಉರುಳೆಗಳ ಮುಂದೆ ಕಬ್ಬಷ್ಟೇ ತೂರುವ, ಕೈ ತೂರದ ಹಲಗೆಯ ಬಾಯಿ. ಪಕ್ಕದಲ್ಲಿ ಒಂದು ಹಿಡಿಕೆ. ಎಳೆದರೆ ಉರುಳೆಗಳು ಅಲ್ಲೇ ನಿಲ್ಲುತ್ತವೆ, ಹಿಂದಕ್ಕೆ ತಳ್ಳುವ ತನಕ ಮತ್ತೆ ಏಳುವುದಿಲ್ಲ. ಈ ಹಂಗಾಮಿಗೆ ದೊಡ್ಡ ಗಾಣಕ್ಕೂ ಹೀಗೇ ಮಾಡಿಸೋಣವೆಂದು ತಂದೆಯ ಕಡೆ ನೋಡದೆ ಹೇಳಿದ. ಮಾವನವರು ಕೆಳಗೆ ನೋಡುತ್ತ ಕುಳಿತಿದ್ದರು.

ಅತ್ತೆ ಮುಂದೆ ಬಂದು ಕುಳಿತರು. ಬಲಗೈ ಸೆರಗಿನಿಂದ ಹೊರಗೆ ಬಂತು. ಮೂರು ಬೆರಳಲ್ಲಿ ಒಂದು ಹುಲ್ಲುಕಡ್ಡಿ ಹಿಡಿದು ಹಲಗೆಯ ಬಾಯಿಗೆ ಕೊಟ್ಟರು. ಕಡ್ಡಿ ಆಚೆಗೆ ಚಪ್ಪಟೆಯಾಗಿ ಬಂತು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಅತ್ತೆ ಹಿಡಿಕೆ ಮುಟ್ಟಿ ನೋಡಿದರು.

"ಚಂದ ಆಗೇತಿ. ಆದ್ರ ಈ ಹಿಡಿಕಿ ಎಡಕ್ಕ ಇರಬೇಕಪಾ."

"ಯಾಕಬೇ? ಎಲ್ಲಾರೂ ಬಲಗೈಲೇ ದುಡೀತಾರಲ್ಲ."

"ಬಲಗೈ ಒಳಗ ಸಿಕ್ಕಿರತೈತಿ," ಎಂದರು ಅತ್ತೆ, ಹೊಲದ ಮಾತು ಆಡುವಷ್ಟೇ ಸಮಾಧಾನದಿಂದ. "ಅವತ್ತ ನಾ ಎಡಗೈಲೇ ಬಾಳ ಹುಡಿಕಿದೆ. ಹಿಡ್ಯಾಕ ಏನೂ ಸಿಗಲಿಲ್ಲ."

ಮೈದುನ ಎದ್ದ. ಯಂತ್ರದ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಗಾಣದ ಹಿಡಿಕೆಯನ್ನು ಬಿಚ್ಚಿ ಎಡಗಡೆಗೆ ಹೊಸ ತೂತು ಕೊರೆದ. ಕನ್ನಡಕ ಇದ್ದರೂ ಮತ್ತೆ ಮತ್ತೆ ಕಣ್ಣು ಒರೆಸಿಕೊಂಡ. ಆ ಹಂಗಾಮಿನಿಂದ ನಮ್ಮ ದೊಡ್ಡ ಗಾಣಕ್ಕೂ ಎಡಗಡೆಗೇ ಹಿಡಿಕೆ.

ಅವತ್ತು ಊಟಕ್ಕೆ ಕೂತವನು ಅಭ್ಯಾಸದಂತೆ ಎರಡೂ ಕೈ ಚಾಚಿದ. ಎಣಿಸೋಣವೆಂದರೆ ನನಗೆ ಎಲ್ಲವೂ ಮಂಜುಮಂಜು. ಆಗ ಅತ್ತೆ ಬಂದು ಅವನ ಪಕ್ಕದಲ್ಲಿ ಕುಳಿತರು. ಆ ಬಲಗೈಯಿಂದಲೇ ಮಗನ ಬೆರಳನ್ನು ಒಂದೊಂದಾಗಿ ಮುಟ್ಟಿ ಮುಟ್ಟಿ ಎಣಿಸಿದರು.

"ಪೂರಾ ಅದಾವ," ಎಂದರು ನನಗೆ. "ರೊಟ್ಟಿ ಹಾಕವಾ."