ಮಾಲೀಶ್ ಶಾಲೆಗೆ ಬಂದ ಹೊಲಿಗೆ ಮಷೀನು

ಶ್ರೇಣಿಕನ ಫಜೀತಿಗೆಲ್ಲ ಮೂಲ ಒಂದು ಅಳತೆ ಟೇಪು. ಟೇಪು ಅವನದಲ್ಲ, ರೂಪಾಲಿಯದು. ತನ್ನೂರು ಆರಗದಲ್ಲಿ ಬಸ್ಸು ಹತ್ತುವಾಗ ಅದನ್ನು ಕೊರಳಿಗೆ ಹಾಕಿಕೊಳ್ಳುವುದು, ಮಿರಜ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಸುತ್ತಿ ಪರ್ಸಿಗೆ ತುರುಕುವುದು ಅವಳ ರೂಢಿ. ಏಕೆಂದರೆ ಅತ್ತೆಗೆ ಅವಳು ಹೇಳಿದ್ದು ಹೊಲಿಗೆ ಕ್ಲಾಸು ಎಂದು. ಹೋಗುತ್ತಿದ್ದುದು ಮಾತ್ರ ಶ್ರೇಣಿಕ ಮತ್ತು ಅವನ ಹೆಂಡತಿ ತ್ರಿಶಲಾ ನಡೆಸುವ ಬ್ಯೂಟಿ ಮತ್ತು ಮಸಾಜ್ ತರಬೇತಿ ಶಾಲೆಗೆ.

ರೂಪಾಲಿಯೊಬ್ಬಳೇ ಹೀಗೆ ಮಾಡಿದ್ದರೆ ಚಿಂತೆಯಿರಲಿಲ್ಲ. ಉಪಾಯ ಎಲ್ಲರಿಗೂ ಹಿಡಿಸಿಬಿಟ್ಟಿತು. ಬುಧಗಾಂವದ ಪ್ರಣಾಲಿ ಟೇಪು ಕೊಂಡಳು. ಕವಲಾಪುರದ ಪೂನಮ ಟೇಪಿನ ಜೊತೆ ಕತ್ತರಿಯನ್ನೂ ಕೊಂಡಳು. ಹುಬ್ಬು ತಿದ್ದುವುದು, ಮದುಮಗಳನ್ನು ಸಿಂಗರಿಸುವುದು ಎಂದರೆ ಮನೆಯವರು ಹೇಗೋ ಒಪ್ಪುತ್ತಿದ್ದರು. ಮಸಾಜ್ ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಹಿರಿಯರ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. “ಕೆಲಸ ಸಿಕ್ಕ ಮ್ಯಾಲೆ ಹೇಳಿದ್ರಾತು ಸರ್. ಪಗಾರ ನೋಡಿದ ಮ್ಯಾಲೆ ಯಾರೂ ಬೈಯೂದಿಲ್ಲ” ಎಂಬುದು ಹುಡುಗಿಯರ ವಾದ. ಶ್ರೇಣಿಕ ಕಂಡೂ ಕಾಣದವನಂತೆ ಇದ್ದುಬಿಟ್ಟ. ಹೋದ ವರ್ಷ, ಟೇಪು ಬರುವ ಮುನ್ನ, ಶಾಲೆಯಲ್ಲಿ ಕಲಿತವರು ಇಬ್ಬರೇ, ಅದರಲ್ಲೊಬ್ಬಳು ಅವನ ತಂಗಿ. ಈ ವರ್ಷ ಟೇಪು ಬಂದ ಮೇಲೆ ಹೊಸಬರೇ ಒಂಬತ್ತಾದರು.

ಒಂಬತ್ತಾದರೂ ಶಾಲೆ ಉಸಿರು ಬಿಗಿಹಿಡಿದೇ ನಡೆಯುತ್ತಿತ್ತು. ಕ್ರೀಮು, ಎಣ್ಣೆ, ಟವೆಲ್ಲು ಎಲ್ಲದರ ಬೆಲೆ ಏರುತ್ತಲೇ ಇತ್ತು, ಫೀ ಮಾತ್ರ ಸುಗ್ಗಿ ನೋಡಿಕೊಂಡು ಬರುತ್ತಿತ್ತು. ಪ್ರಣಾಲಿಯ ಫೀ ಒಂದು ಸಲ ಶೇಂಗಾ ಚೀಲವಾಗಿ ಬಂದು, ಚಟ್ನಿಯಾಗಿ ಎಲ್ಲರ ಹೊಟ್ಟೆ ಸೇರಿತ್ತು. ಸರಕಾರದ ಕೌಶಲ್ಯ ಯೋಜನೆಯಲ್ಲಿ ಮಾನ್ಯತೆ ಸಿಕ್ಕರೆ ಬಾಡಿಗೆಯ ಭಾರ ಇಳಿಯುತ್ತದೆ. ಸಿಗದಿದ್ದರೆ ಈ ತಿಂಗಳೇ ಬೀಗ. ತ್ರಿಶಲಾ ಎಷ್ಟೋ ವರ್ಷ ಬೇರೆಯವರ ಪಾರ್ಲರಿನಲ್ಲಿ ನಿಂತೇ ದುಡಿದು ಕಟ್ಟಿದ ಶಾಲೆ ಅದು. ಬೀಗದ ಮಾತು ಬಂದರೆ ಶ್ರೇಣಿಕ ಬೇರೆ ಮಾತು ತೆಗೆಯುತ್ತಿದ್ದ.

ಹಾಗಿರುವಾಗ ಒಂದು ಸಂಜೆ ಯೋಜನೆಯ ಕಚೇರಿಯಿಂದ ಫೋನು ಬಂತು. ನಾಳೆ ಮಧ್ಯಾಹ್ನ ತಪಾಸಣೆಗೆ ಮೇಡಂ ಬರುತ್ತಾರೆ, ಹುಡುಗಿಯರ ಪಾಲಕರೂ ಹಾಜರಿರಬೇಕು, ಅವರ ಮಾತನ್ನೂ ಕೇಳಲಾಗುವುದು. ಪಾಲಕರಿಗೂ ಕಚೇರಿಯಿಂದಲೇ ‘ಕ್ಲಾಸಿಗೆ ಬನ್ನಿ’ ಎಂದಷ್ಟೇ ಕರೆ ಹೋಗಿತ್ತು. ಬೆಳಿಗ್ಗೆ ಶಾಲೆಗೆ ಬಂದವರೇ ಒಂಬತ್ತೂ ಹುಡುಗಿಯರು ಒಟ್ಟಿಗೆ ಅಳಲು ಶುರುಮಾಡಿದರು.

“ಖರೇ ಹೇಳಿಬಿಡೂಣ್ರೀ. ಏನ್ ಆಗತೈತಿ ಆಗ್ಲಿ” ಎಂದಳು ತ್ರಿಶಲಾ.

“ಖರೇ ಹೇಳಿದ್ರ ಒಂಬತ್ತೂ ಟೇಪು ಇವತ್ತೇ ಮನಿಗಿ ಹೋಗತಾವ, ತಿರುಗಿ ಬರೂದಿಲ್ಲ” ಎಂದ ಶ್ರೇಣಿಕ. “ನಮ್ಮ ಕಡೆ ಎರಡು ಖೋಲಿ ಅದಾವಿಲ್ಲೋ? ಹೊರಗಿನ ಖೋಲ್ಯಾಗ ಪಾಲಕರಿಗೆ ಹೊಲಿಗಿ. ಒಳಗಿನ ಖೋಲ್ಯಾಗ ಮೇಡಮ್ಮಗ ಮಸಾಜ್. ನಡುವ ಬಾಗಲದಾಗ ನಾ ನಿಂದರ್ತೇನಿ.”

ತ್ರಿಶಲಾ ಒಳಗಿನ ಕೋಣೆ ಗುಡಿಸಲು ಹೋದಳು. ಗಂಡನ ಉಪಾಯಗಳನ್ನು ಅವಳು ಮೊದಲೂ ಕಂಡಿದ್ದಳು.

ಕೆಳಗಿನ ಅಂಗಡಿಯ ದರ್ಜಿ ಗುರುಸಿದ್ಧಪ್ಪ ಎರಡು ಮಷೀನು ಎರವಲು ಕೊಡಲು ಒಪ್ಪಿದ, ಆದರೆ ಒಂದು ಕರಾರಿನ ಮೇಲೆ. “ನನಗೂ ಒಮ್ಮಿ ಕುತಿಗಿ ತಿಕ್ಕಿಸಬೇಕು ನೋಡಪಾ. ಬಗ್ಗಿ ಬಗ್ಗಿ ಕುತಿಗಿ ಮಷೀನಿನ ಹ್ಯಾಂಡಲ್ ಆಗೇತಿ.” ಮಷೀನು ಹೊತ್ತು ತಂದವನು ಅಲ್ಲಿಗೇ ಬಿಟ್ಟು ಹೋಗಬೇಕೋ ಬೇಡವೋ? ಅಲ್ಲೇ ಠಿಕಾಣಿ ಹೂಡಿದ. “ಏ ಹುಡುಗಿ, ಕತ್ತರಿ ಹಂಗ ಹಿಡಿತಾರೇನ? ಅದೇನ್ ಲಟ್ಟಣಿಗ್ಯೇನ?” ಎಂದು ಪೂನಮಳನ್ನು ಗದರಿಸಿದ. ಗಾಬರಿಯಲ್ಲಿ ಪ್ರಣಾಲಿ ಮಷೀನು ತುಳಿದು ತನ್ನ ಓಢಣಿಯನ್ನು ಕಿಟಕಿಯ ಪರದೆಗೆ ಹೊಲಿದುಕೊಂಡಳು. ಬಿಚ್ಚಲು ಹೊತ್ತಿಲ್ಲದೆ ಅವಳನ್ನು ಅಲ್ಲೇ ಕಿಟಕಿಗೆ ಆತುಕೊಂಡು ನಗುತ್ತ ನಿಲ್ಲಲು ಹೇಳಲಾಯಿತು.

ಅಷ್ಟರಲ್ಲಿ ಪಾಲಕರು ಬರತೊಡಗಿದರು. ತಾಯಂದಿರು, ಅತ್ತೆಯರು, ಒಬ್ಬ ಸೋದರಮಾವ. ಶ್ರೇಣಿಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಅಳೆದು ನೋಡಿ ಕೂರಿಸಿದ. ಹತ್ತಿಯ ಸೀರೆಯುಟ್ಟು, ಬಟ್ಟೆಯ ಚೀಲ ಹಿಡಿದು, ಬಸ್ಸಿನ ಧೂಳಲ್ಲಿ ಬಂದ ನಡುವಯಸ್ಸಿನ ಹೆಂಗಸೊಬ್ಬಳು ಮೆಲ್ಲಗೆ ಕನ್ನಡದಲ್ಲಿ, “ಇಲ್ಲೆ ಕುಂದರ್ಲೇನ್ರಿ?” ಎಂದಳು.

“ಕುಂದರ್ರಿ ಅಕ್ಕಾರ, ಆರಾಮ ಕುಂದರ್ರಿ” ಎಂದು ಅವಳಿಗೆ ಮೂಲೆಯ ಬೆಂಚು ತೋರಿಸಿದ. ಇಂಥ ಸಂಭಾವಿತ ತಾಯಿ ಯಾವ ಹುಡುಗಿಗೆ ಇದ್ದಾಳೋ ಎಂದುಕೊಂಡ.

ಆಮೇಲೆ ಕೆಳಗೆ ರಿಕ್ಷಾ ನಿಂತ ಸದ್ದಾಯಿತು. ಮೆಟ್ಟಿಲೇರಿ ಬಂದವರನ್ನು ಕಂಡು ಶ್ರೇಣಿಕ ತಾನಾಗಿಯೇ ಕೈಮುಗಿದ. ರೇಷ್ಮೆ ಸೀರೆ, ಕಪ್ಪು ಕನ್ನಡಕ, ತೋಳಿನಲ್ಲಿ ಹೊಳೆಯುವ ಪರ್ಸು. ಆಕೆ ಸುತ್ತ ನೋಡಿ, ಗತ್ತಿನಿಂದ ಮರಾಠಿಯಲ್ಲಿ “ಕ್ಲಾಸ್ ಕುಠೆ ಆಹೆ?” ಎಂದರು, ಕ್ಲಾಸು ಎಲ್ಲಿದೆ ಎಂದು. ಮಿರಜಿನಲ್ಲಿ ಹುಟ್ಟಿ ಬೆಳೆದವನಿಗೆ ಅಷ್ಟು ಸಾಕು. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮೇಡಂ ಬಂದೇಬಿಟ್ಟರು!

“ಯಾ ಮೇಡಂ, ಯಾ, ಆತ್ ಯಾ!” ಎಂದು ಬಾಗಿ ಬಾಗಿ ಒಳಗೆ ಕರೆದು, ಆಕೆಯನ್ನು ನೇರ ಒಳಗಿನ ಕೋಣೆಗೆ ದಾಟಿಸಿ, ತ್ರಿಶಲಾಳ ಕಿವಿಯಲ್ಲಿ, “ಹೆಗಲಿಂದ ಶುರು ಮಾಡು. ರೂಪಾಲಿ ಕೈಲೆ ಮಾಡಸು” ಎಂದು ಹೇಳಿ ಬಾಗಿಲು ಎಳೆದುಕೊಂಡ.

ಹೊರಗೆ ಬಂದವನಿಗೆ ಹುರುಪೇರಿತು. ಹಿಂದೆ ಊರೂರು ತಿರುಗಿ ಸೋಪು, ಕ್ರೀಮು ಮಾರಿದ ನಾಲಿಗೆ ಅದು.

“ತಾಯಂದಿರಾ! ಇಲ್ಲಿ ಹೊಲಿಗಿ ಬಿಟ್ಟರ ಮತ್ತೇನೂ ಇಲ್ಲ. ಹೋದ ವರ್ಷ ಕಲ್ತ ಹುಡುಗಿ ಇವತ್ತ ಸಾಂಗ್ಲ್ಯಾಗ ಪಗಾರ ತಗೋತಾಳ. ಮತ್ತೊಬ್ಬಾಕಿ ಸ್ವಂತ ಅಂಗಡಿ ಹಾಕ್ಯಾಳ. ಲಗ್ನದ ಸೀಜನ್ ಬಂತಂದ್ರ ಅಕಿಗಿ ಉಣ್ಣಾಕ ಪುರಸೊತ್ತಿಲ್ಲ!”

ಪಗಾರ, ಅಂಗಡಿ, ಸೀಜನ್ನು ಎಲ್ಲವೂ ನಿಜವೇ. ಹೊಲಿಗೆಯೊಂದು ಮಾತ್ರ ಸುಳ್ಳು. ಪೂನಮಳ ತಾಯಿ ಅನುಮಾನದಿಂದ, “ಮತ್ತ ನಮ್ಮ ಹುಡುಗಿ ಕೈ ಯಾವಾಗ ನೋಡಿದ್ರೂ ಎಣ್ಣಿ ವಾಸನಿ ಬಡೀತಾವಲ್ಲರಿ?” ಎಂದಳು.

“ಮಷೀನಿನ ಎಣ್ಣಿರಿ!” ಎಂದು ಗುರುಸಿದ್ಧಪ್ಪ ನಡುವೆ ಬಾಯಿ ಹಾಕಿದ.

“ಮಷೀನಿನ ಎಣ್ಣಿಗಿ ಗುಲಾಬಿ ವಾಸನಿ ಇರತೈತಿ?”

“ಮಿರಜಿನ ಮಷೀನ್ರೀ, ಭಾರೀ ಷೋಕಿ” ಎಂದ ಗುರುಸಿದ್ಧಪ್ಪ.

ಮೂಲೆಯ ಬೆಂಚಿನ ಹೆಂಗಸು ಆಗ ಮೆಲ್ಲಗೆ ಕೇಳಿದಳು: “ಅಲ್ರಿ, ಇಲ್ಲಿ ಮಸಾಜ್ ಕಲಿಸ್ತಾರ ಅಂತ ಯಾರೋ ಅಂದ್ರು?”

“ಮಸಾಜ್? ಛೇ ಛೇ ಛೇ!” ಶ್ರೇಣಿಕ ಎರಡೂ ಕಿವಿ ಹಿಡಿದುಕೊಂಡ. “ನಮ್ಮ ಶಾಲೀ ಹೊಚ್ಚಲಕ್ಕೂ ಆ ಮಾತು ಬಂದಿಲ್ಲ ಅಕ್ಕಾರ. ನನ್ನ ಹೆಂಡ್ತಿ ಆಣಿ ಮಾಡಿ ಹೇಳ್ತೇನಿ!”

ಆಕೆ ತಲೆಯಾಡಿಸಿ ಬಟ್ಟೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಒಳಗಿನ ಕೋಣೆಯಲ್ಲಿ ಬೇರೆಯೇ ಆಟ ನಡೆದಿತ್ತು. ಹೆಗಲು ಒತ್ತಿಕೊಡುತ್ತೇವೆ ಎಂದು ತ್ರಿಶಲಾ ಹೇಳಿದ್ದೇ ತಡ, ಬಂದಾಕೆ ಬೇಡವೆನ್ನದೆ ಮೇಜಿನ ಮೇಲೆ ಮಲಗಿದ್ದರು. ಬೆಚ್ಚಗಿನ ಎಣ್ಣೆ ಹಿಡಿದು ಬಂದ ರೂಪಾಲಿಗೆ ಬೋರಲು ಮಲಗಿದ ಮೇಡಂ ಅವರ ಮುಖ ಕಾಣಲಿಲ್ಲ. ಕಂಡದ್ದು ಕುರ್ಚಿಯ ಮೇಲೆ ಮಡಿಸಿಟ್ಟ ಸೀರೆ. ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿಕೊಟ್ಟ ಸೀರೆ! ಕನ್ನಡಕವೂ ಗುರುತಿನದೇ, ಕಣ್ಣಿನ ಆಪರೇಷನ್ ಆದ ಮೇಲೆ ದವಾಖಾನೆಯವರು ಕೊಟ್ಟದ್ದು. ಮಿರಜಿಗೆ ಹೋಗುವುದೆಂದರೆ ಲಗ್ನಕ್ಕೆ ಹೊರಟಂತೆ ಸಿದ್ಧವಾಗಿ, ಇಳಿದ ಕೂಡಲೇ ಮರಾಠಿ ಮಾತಾಡುವುದು ಅವಳ ಅತ್ತೆ ಸುನಂದಾಬಾಯಿಯ ಹಳೆಯ ಪದ್ಧತಿ.

ರೂಪಾಲಿ ಬಾಗಿಲ ಕಡೆ ತಿರುಗಿದಳು. ಓಡಿಹೋಗೋಣವೆಂದರೆ ತ್ರಿಶಲಾ ಬಾಗಿಲಿಗೆ ಅಡ್ಡ ನಿಂತು ‘ಮಾಡು, ಮಾಡು’ ಎಂದು ಕಣ್ಸನ್ನೆ ಮಾಡುತ್ತಿದ್ದಾಳೆ. ಬೇರೆ ದಾರಿ ಕಾಣದೆ ಅವಳು ಅತ್ತೆಯ ಹೆಗಲಿಗೆ ಕೈಯಿಟ್ಟಳು. ಆ ಹೆಗಲ ನೋವು ಎಲ್ಲಿ ಕೂತಿದೆಯೆಂದು ಅವಳಿಗಿಂತ ಚೆನ್ನಾಗಿ ಯಾರು ಬಲ್ಲರು? ದಿನಾ ರಾತ್ರಿ ಅದರ ನರಳಾಟ ಕೇಳಿದವಳು, ಒತ್ತಿ ತೆಗೆಯಲು ಬಂದರೂ ಹೇಳಲು ಬಾಯಿ ಬಾರದೆ ಸಂಕಟಪಟ್ಟವಳು ಅವಳೇ. ಒತ್ತುತ್ತ ಒತ್ತುತ್ತ ಅವಳ ಹೆದರಿಕೆ ಇಳಿಯಿತು.

“ಅಯ್ಯಯ್ಯ ನಮ್ಮವ್ವಾ...” ಎಂದು ಮರಾಠಿ ಮರೆತು ಸುನಂದಾಬಾಯಿ ಉಸಿರು ಬಿಟ್ಟಳು. ಎದ್ದು, ಸೀರೆ ಸುತ್ತಿಕೊಂಡು, ಕನ್ನಡಕವಿಟ್ಟು, ಈ ಬಂಗಾರದ ಕೈ ಯಾರದೆಂದು ತಿರುಗಿ ನೋಡಿದಳು.

“ರೂಪಾಲೀ!”

ಆ ಕೂಗಿಗೆ ಹೊರಗಿನವರೆಲ್ಲ ಒಳಗೆ ನುಗ್ಗಿದರು. ಪರದೆ ಕಿತ್ತುಕೊಂಡು ಪ್ರಣಾಲಿಯೂ ಬಂದಳು. ಎಣ್ಣೆಯ ಬಟ್ಟಲು, ಮಸಾಜ್ ಮೇಜು, ಗೋಡೆಯ ಮೇಲಿನ ಸ್ನಾಯುಗಳ ಚಿತ್ರ ಎಲ್ಲವೂ ಬಯಲಾದವು. ಮುಗಿಯಿತು ಕತೆ ಎಂದು ಶ್ರೇಣಿಕ ಗೋಡೆ ಹಿಡಿದು ನಿಂತ.

ಸುನಂದಾಬಾಯಿ ಸೊಸೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಈ ಹೆಗಲ ಸಲುವಾಗಿ ನಾ ಮಿರಜಿನ್ಯಾಗ ಒಂದ ದವಾಖಾನಿ ಬಿಟ್ಟಿಲ್ಲ. ಇಂಥಾ ಕೈ ಮನ್ಯಾಗ ಇಟಗೊಂಡು ನೀ ನನಗ ದಿನಾ ಟೇಪ್ ತೋರಸ್ತಿದ್ದೆಲ್ಲ? ನಿನಗ ಕರಳ ಐತೇನ?” ಎಂದು ಬೈದು, ಬೈಯುತ್ತಲೇ ಸೊಸೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ರೂಪಾಲಿ ಅತ್ತೇಬಿಟ್ಟಳು.

ಪೂನಮಳ ತಾಯಿ ಕೂಡಲೇ ಮಂಡಿ ಹಿಡಿದುಕೊಂಡು, “ಮಂಡಿದೂ ಮಾಡ್ತಾರೇನ್ರಿ?” ಎಂದು ಸರದಿಯಲ್ಲಿ ನಿಂತಳು. ಅವಳ ಹಿಂದೆ ಸೋದರಮಾವ, ಅವನ ಹಿಂದೆ ಕರಾರು ನೆನಪಿಸುತ್ತ ಗುರುಸಿದ್ಧಪ್ಪ. ಶ್ರೇಣಿಕನಿಗೆ ನಂಬಿಕೆಯೇ ಬರಲಿಲ್ಲ. ಉಳಿಯಿತು, ಶಾಲೆ ಉಳಿಯಿತು!

“ಇನ್ನ ಮೇಡಂ ಒಬ್ರು ಬಂದ್ರ ಸಾಕು” ಎಂದ ಖುಷಿಯಿಂದ.

“ಬಂದ ಭಾಳೊತ್ತಾತು” ಎಂದಳು ಹತ್ತಿಯ ಸೀರೆಯ ಹೆಂಗಸು, ಬಟ್ಟೆಯ ಚೀಲದಿಂದ ಗುರುತಿನ ಚೀಟಿ ತೆಗೆದು ಕೊರಳಿಗೆ ಹಾಕಿಕೊಳ್ಳುತ್ತ. “ನಾ ಜತ್ತದ ಕಡೀದಾಕಿರಿ. ಕನ್ನಡ ನಮ್ಮ ಮನಿ ಮಾತು. ನಿಮ್ಮ ಭಾಷಣ ಪೂರಾ ತಿಳೀತು.”

ಶ್ರೇಣಿಕ ಗಡಬಡಿಸಿ ಆಕೆಗೆ ಕುರ್ಚಿ ಎಳೆದ.

“ಅರ್ಜ್ಯಾಗ ಬ್ಯೂಟಿ, ಮಸಾಜ್ ಅಂತ ಬರದೀರಿ. ಬಾಯಿಲೆ ಹೊಲಿಗಿ ಬಿಟ್ಟರ ಏನಿಲ್ಲ ಅಂದ್ರಿ. ಯಾವುದು ಖರೇ?”

“ಮಸಾಜ್ ಖರೇರಿ ಮೇಡಂ! ನಿಮ್ಮ ಕಣ್ಣ ಮುಂದ ಐತೆಲ್ಲ!”

“ಅಂದ್ರ ಪಾಲಕರಿಗೆ ಸುಳ್ಳು ಹೇಳಿದ್ರಿ, ಅದೂ ಹೆಂಡ್ತಿ ಆಣಿ ಮಾಡಿ. ಪಾಲಕರಿಗೆ ಸುಳ್ಳು ಹೇಳೂ ಶಾಲೆಗೆ ನಾ ಮಾನ್ಯತೆ ಕೊಡೂದಿಲ್ಲ.”

ಶ್ರೇಣಿಕ ತ್ರಿಶಲಾಳ ಮುಖ ನೋಡಿದ. ಅವಳು ಗೋಡೆಯ ಸ್ನಾಯುಗಳ ಚಿತ್ರ ನೋಡುತ್ತಿದ್ದಳು. “ಹಂಗಾರ... ಹೊಲಿಗಿ ಖರೇರಿ” ಎಂದ ಸಣ್ಣ ದನಿಯಲ್ಲಿ.

“ಆತು. ಹಂಗಾರ ಹೊಲಿಗಿಗೇ ಮಾನ್ಯತೆ. ಖೋಲಿ ಐತಿ, ಮಷೀನ್ ಅದಾವ, ಕಲಿಸಾಕ ಮಾಸ್ತರು ಅದಾರ.” ಗುರುಸಿದ್ಧಪ್ಪ ಥಟ್ಟನೆ ಕುತ್ತಿಗೆ ನೆಟ್ಟಗೆ ಮಾಡಿ ನಮಸ್ಕಾರ ಮಾಡಿದ. “ಬಾಡಿಗಿ ಸರಕಾರ ಕೊಡತೈತಿ, ಮಾಸ್ತರ ಪಗಾರನೂ ಕೊಡತೈತಿ. ಹತ್ತು ಮಂದಿ ಕಲಿಯವರು ಬೇಕು. ಒಂಬತ್ತು ಅದಾರ. ಹತ್ತನೇದವರು ನೀವು.”

“ನಾನೇ? ಮತ್ತ ಮಸಾಜ್?”

“ಅದನ್ನ ನೀವು ಕಲಿಸೂದಿಲ್ಲ ಅಂದೀರಲ್ಲ. ಇಲ್ಲದ್ದನ್ನ ಬಂದ್ ಮಾಡ್ರಿ ಅಂತ ನಾ ಹೆಂಗ ಹೇಳ್ಲಿ? ಅದಕ್ಕ ಮುಂದಿನ ವರ್ಷ ಖರೇ ಹೇಳಿ ಅರ್ಜಿ ಹಾಕ್ರಿ. ಮಾರ್ಚದಾಗ ಬರತೇನಿ, ಹತ್ತು ಜಂಪರ್ ಹೊಲದು ತಯಾರ ಇರಲಿ.” ಮೇಡಂ ಚೀಲವನ್ನು ಬೆಂಚಿನ ಮೇಲಿಟ್ಟು ರೂಪಾಲಿಯತ್ತ ತಿರುಗಿದರು. ಈಗ ಅವರ ಮುಖದಲ್ಲಿ ನಗುವಿತ್ತು. “ತಂಗಿ, ಬಸ್ಸಿನ್ಯಾಗ ನಿಂತ ಬಂದೇನಿ. ಒಂದೀಟ ನನ್ನ ಹೆಗಲೂ ನೋಡ್ತೀಯೇನ?”

ಮರುದಿನದಿಂದ ಶಾಲೆಗೆ ಕಳೆ ಬಂತು. ತ್ರಿಶಲಾಳ ಕೋಣೆಯಲ್ಲಿ ಕೂರಲು ಜಾಗವಿಲ್ಲ. ಪೂನಮಳ ತಾಯಿ ತನ್ನ ತಂಗಿಯನ್ನು ಕರೆತಂದು ಸೇರಿಸಿದಳು, ಸುನಂದಾಬಾಯಿ ತಾನೇ ಸೇರಿದಳು. “ಸೊಸಿ ಕೆಲಸಕ್ಕ ಹೋದ್ರ ಊರಾಗ ಮಂದಿ ಹೆಗಲಾ ಯಾರು ನೋಡಬೇಕು?” ಎಂಬುದು ಅವಳ ಪ್ರಶ್ನೆ. “ಆದ್ರ ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ. ಹೊಲಿಗಿ ಕ್ಲಾಸ್ ಅಂತ ಹೇಳಿ ಬಂದೇನಿ.” ಈಗ ಆರಗದ ಬಸ್ಸಿನಲ್ಲಿ ಅತ್ತೆ ಸೊಸೆ ಇಬ್ಬರ ಕೊರಳಲ್ಲೂ ಟೇಪು.

ಹುಡುಗಿಯರು ಮಷೀನಿನ ಕಡೆ ತಿರುಗಿಯೂ ನೋಡಲಿಲ್ಲ. ಹತ್ತು ಜಂಪರಿನ ಹೊಣೆ ಶ್ರೇಣಿಕನೊಬ್ಬನ ತಲೆಗೇ ಬಿತ್ತು. “ಗುಂಡಿ ಕಾಜ ಹಿಂಗ ಮಾಡ್ತಾರೇನೋ? ಬಿಚ್ಚು, ಬಿಚ್ಚಿ ಹೊಳ್ಳಿ ಹೊಲಿ!” ಎಂದು ಪಗಾರದ ಮಾಸ್ತರ ಗುರುಸಿದ್ಧಪ್ಪ ಬೆರಳ ಗೆಣ್ಣಿಗೆ ಅಳತೆ ಪಟ್ಟಿಯಿಂದ ಬಡಿದ. ಕುತ್ತಿಗೆ ನೋಯುತ್ತಿದೆ ಎಂದು ಶ್ರೇಣಿಕ ಒಳಗಿನ ಕೋಣೆಗೆ ಇಣುಕಿದರೆ ಸರದಿ ಮೆಟ್ಟಿಲ ತನಕ ಇತ್ತು. ಅವನು ಮರಳಿ ಬಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದ. ಟೇಪು ಹಾಕಿಕೊಂಡವರಲ್ಲಿ ನಿಜವಾಗಿ ಹೊಲಿಗೆ ಕಲಿಯುತ್ತಿದ್ದವನು ಅವನೊಬ್ಬನೇ.