ಹೊಳೆಯೊಳಗಿನ ನಿವಾಸಿಯಿಂದ ಕಟ್ಟಡ ಪರವಾನಿಗೆಯ ಕಂಪ್ಯೂಟರಿಗೆ

ಮಾನ್ಯರೇ,

ಅಂದರೆ ಆ ಜಾಗ ನೀರಲ್ಲ, ನೆಲವೇ ಎಂದು ನಿನ್ನೆ ತಮಗೆ ವಿವರಿಸುತ್ತಿದ್ದೆನಷ್ಟೇ. ಅಷ್ಟರಲ್ಲಿ ತಮ್ಮ ದೂರಿನ ಚೌಕದಲ್ಲಿ ಅಕ್ಷರಗಳ ಮಿತಿ ಮುಗಿಯಿತೆಂದು ಕೆಂಪು ಬಣ್ಣದಲ್ಲಿ ತಿಳಿಸಿ, ನನ್ನ ವಾಕ್ಯವನ್ನು ಕ್ರಿಯಾಪದ ಬರುವ ಮೊದಲೇ ಕತ್ತರಿಸಿ, ‘ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಹರಸಿ ಕಳಿಸಿದಿರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಾನು ಬೇಡುತ್ತಿದ್ದೇನೋ ಬಯ್ಯುತ್ತಿದ್ದೇನೋ ಎಂಬುದು ತಮಗೆ ತಿಳಿಯದೆ ಹೋಗಿರಬೇಕು. ಆದ್ದರಿಂದ ಉಳಿದದ್ದನ್ನು, ಅಕ್ಷರಗಳ ವಿಷಯದಲ್ಲಿ ತಮಗಿಂತ ಕೊಂಚ ಉದಾರಿಗಳಾದ ಪತ್ರಿಕೆಯವರ ಮೂಲಕ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ವಂದನೆ. ಪಂಚಾಯತಗಳ ಕಟ್ಟಡ ಪರವಾನಿಗೆ ಅರ್ಜಿಗಳನ್ನು ಹಗಲಿರುಳು ನಿದ್ದೆಯಿಲ್ಲದೆ ಸ್ವೀಕರಿಸಿ, ಅಷ್ಟೇ ಶ್ರದ್ಧೆಯಿಂದ ತಿರಸ್ಕರಿಸುತ್ತಿರುವ ತಮ್ಮ ಸನ್ನಿಧಾನಕ್ಕೆ, ಕುಮಟಾ ತಾಲೂಕಿನ ಅಘನಾಶಿನಿ ಹೊಳೆದಂಡೆಯ ಕೃಷ್ಣಾನಂದನ ಸಾಷ್ಟಾಂಗ ನಮಸ್ಕಾರಗಳು. ಬಿ.ಎ. ಎರಡನೇ ವರ್ಷದವರೆಗೆ ಓದಿದವನಾದ್ದರಿಂದ ಇಂಥ ಪತ್ರ ‘ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್’ ಎಂದು ಆರಂಭವಾಗಬೇಕೆಂದು ನನಗೆ ಗೊತ್ತು. ‘ಕೈಂಡ್’ ಆದಮೇಲೆ ಇನ್ನೇನೋ ಇತ್ತು. ನಮ್ಮ ಸರ್ ಅದನ್ನು ಹೇಳುವ ಹೊತ್ತಿಗೆ ಹೊರಗೆ ಮೀನಿನ ಗಾಡಿ ಹಾರ್ನ್ ಹೊಡೆಯಿತು. ತಾವು ‘ಕೈಂಡ್’ವರೆಗೆ ಬಂದರೆ ಸಾಕು.

ತಾವು ಬರುವ ಮೊದಲು ನಮ್ಮ ಪಂಚಾಯತದಲ್ಲಿ ಕಾರ್ಕೂನ ಶಾಂತಾರಾಮ ಇದ್ದ. ಈಗಲೂ ಇದ್ದಾನೆ, ಆದರೆ ಈಗ ಅವನಿರುವುದು ತಮ್ಮ ಪಾಸ್‌ವರ್ಡ್ ಕಾಯುವುದಕ್ಕೆ. ಆಗೆಲ್ಲ ಅವನು ಅರ್ಜಿಯನ್ನು ತಿರುವಿ ಹಾಕಿ, ಚಹಾ ತರಿಸಿ, ನಮ್ಮದೇ ಚಹಾ ನಮಗೂ ಅರ್ಧ ಕೊಟ್ಟು, ‘ಸೋಮವಾರ ಬನ್ನಿ’ ಎನ್ನುತ್ತಿದ್ದ; ಯಾವ ಸೋಮವಾರ ಎಂದು ಕೇಳುವುದು ಮರ್ಯಾದೆಯಾಗಿರಲಿಲ್ಲ. ತಾವಾದರೋ ಚಹಾ ಕುಡಿಯುವುದಿಲ್ಲ, ಸೋಮವಾರ ಎನ್ನುವುದಿಲ್ಲ, ಶಾಂತಾರಾಮ ಮೂರು ತಿಂಗಳಲ್ಲಿ ಹೇಳುತ್ತಿದ್ದ ‘ಆಗೂದಿಲ್ಲ’ವನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತೀರಿ. ಇದನ್ನು ಪ್ರಗತಿ ಎನ್ನದೆ ಇನ್ನೇನೆನ್ನಲಿ?

ನಾನು ಕೇಳಿದ್ದು ಬಂಗಲೆಯಲ್ಲ. ನನ್ನ ಜಾಗದ ರಸ್ತೆ ಬದಿಯ ಮೂಲೆಯಲ್ಲಿ, ಬೇಲಿಯ ಹೊರಗೆ, ಹೆಂಗಸರಿಗಾಗಿ ಒಂದು ಸಂಡಾಸ, ಪಕ್ಕದಲ್ಲಿ ಕೈಕಾಲು ತೊಳೆಯಲು ಒಂದು ಬಚ್ಚಲು, ಮೇಲೊಂದು ನೀರಿನ ಟಾಕಿ, ಅಷ್ಟೇ. ಸಮುದ್ರದ ನೀರು ಇಳಿತವಾದಾಗ ಹೊಳೆಯ ಕೆಸರಿನಲ್ಲಿ ಕೂತು ಬಳಚು, ಅಂದರೆ ಚಿಪ್ಪುಮೀನು ಹೆಕ್ಕುವ ಸುಬ್ಬಿ ಮತ್ತವಳ ಸಂಗಡದ ಹೆಂಗಸರು ಸೊಂಟದವರೆಗೆ ಒದ್ದೆಯಾಗಿ ನಮ್ಮ ಬೇಲಿಯ ಪಕ್ಕದಲ್ಲೇ ಹತ್ತಿ ಬರುತ್ತಾರೆ. ನನ್ನ ಹೆಂಡತಿ ದೇವಿ ಇದ್ದಾಗ ಅವರು ಹಿತ್ತಲ ಬಾಗಿಲಿಗೆ ಬಂದು, ನಮ್ಮ ಸಂಡಾಸಕ್ಕೆ ಹೋಗಿ, ಬಾವಿಕಟ್ಟೆಯಲ್ಲಿ ಕಾಲು ತೊಳೆದು, ನನಗೆ ಕೇಳದಂತೆ ನನ್ನ ಬಗ್ಗೆಯೇ ನಗಾಡಿ ಹೋಗುತ್ತಿದ್ದರು. ದೇವಿ ತೀರಿಕೊಂಡ ಮೇಲೆ ಇದು ಹೆಂಗಸಿಲ್ಲದ ಮನೆ. ನಮ್ಮಲ್ಲಿ ಅಂಥ ಮನೆಯ ಬೇಲಿಯನ್ನು ಯಾವ ಹೆಂಗಸೂ ದಾಟುವುದಿಲ್ಲ. ನಾನಾಗಿ ‘ಬನ್ನಿ’ ಎಂದು ಕರೆದರೆ ಊರವರು ಬೇರೆಯೇ ಅರ್ಜಿ ಬರೆಯುತ್ತಾರೆ. ಹಾಗಾಗಿ ಅವರು ಗಿಡಗಂಟಿಯ ಮರೆಗೆ ಹೋಗಲು ಮಧ್ಯಾಹ್ನದಿಂದ ಕಾಯುತ್ತಾರೆ, ಕತ್ತಲಾಗುವವರೆಗೆ. ದೇವಿ ಕೊನೆಯ ಸಲ ಆಸ್ಪತ್ರೆಗೆ ಹೊರಟಾಗ ಸುಬ್ಬಿಗೆ, ‘ಬೇಲಿ ಹೊರಗೇ ಒಂದು ಕಟ್ಟಸಿ ಕೊಡ್ತೆ ಸುಬ್ಬಿ, ಇವರ ಮೋರೆ ನೋಡೂದೇ ಬೇಡ ನಿಮಗೆ’ ಎಂದಿದ್ದಳು. ಮಾತು ಕೊಟ್ಟವಳು ಹೋದಳು, ಮೋರೆ ಉಳಿಯಿತು.

ಅರ್ಜಿಗೆ ಪರವಾನಿಗೆ ಪಡೆದ ಎಂಜಿನಿಯರ್ ಬೇಕೆಂದಿರಿ. ಕುಮಟೆಯಲ್ಲಿ ಕಚೇರಿ ಇಟ್ಟಿರುವ, ಮೂಲತಃ ಸಂತೆಗುಳಿಯ ಚಂದನಾ ಎಂಬ ಜಾಣ ಹುಡುಗಿ ನಕ್ಷೆ ಮಾಡಿಕೊಟ್ಟಳು. ಕಟ್ಟಡದ ಉದ್ದೇಶವೇನೆಂದು ತಾವು ಕೇಳಿದಾಗ ತಮ್ಮ ಪಟ್ಟಿಯಲ್ಲಿ ವಾಸ, ವ್ಯಾಪಾರ, ಕೈಗಾರಿಕೆ, ಕಲ್ಯಾಣಮಂಟಪ ಎಲ್ಲವೂ ಇದ್ದವು, ‘ಕೊಟ್ಟ ಮಾತು’ ಎಂಬುದೊಂದು ಇರಲಿಲ್ಲ. ‘ಸಾರ್ವಜನಿಕ ಉಪಯೋಗ’ ಎಂದು ಒತ್ತಿದೆವು. ತಾವು ಬಹಳ ಸಂತೋಷಪಟ್ಟು ವಾಹನ ನಿಲುಗಡೆಯ ನಕ್ಷೆ, ಬೆಂಕಿ ಬಿದ್ದರೆ ಹೊರಹೋಗುವ ದಾರಿ, ಲಿಫ್ಟಿನ ವಿವರ ಕೇಳಿದಿರಿ. ಸೊಂಟದವರೆಗೆ ಒದ್ದೆಯಾದವರಿಗೆ ಬೆಂಕಿಯ ಭಯ ಅಷ್ಟಾಗಿ ಇರುವುದಿಲ್ಲವಾದರೂ ತಮ್ಮ ಕಾಳಜಿಗೆ ನಾವು ಕರಗಿದೆವು. ಆ ಹೆಂಗಸರು ಬರುವುದು ನಮ್ಮ ಕೇರಿಯ ಮಾಸ್ತಿಯ ದೋಣಿಯಲ್ಲಿ ಎಂದು ಚಂದನಾ ದೋಣಿಯನ್ನೇ ನಿಲುಗಡೆಯಲ್ಲಿ ಬರೆದಳು. ತಾವು ದೋಣಿಯ ಆರ್‌ಸಿ ಕೇಳಿದಿರಿ. ಮಾಸ್ತಿ ಆ ದಿನದಿಂದ ನನ್ನನ್ನು ಕಂಡರೆ ದೋಣಿ ತಿರುಗಿಸುತ್ತಾನೆ.

ಇನ್ನು ಫೋಟೊದ ವಿಷಯ. ಇಲ್ಲಿ ತಪ್ಪು ನನ್ನದೇ ಎಂದು ಚಂದನಾ ಹೇಳುತ್ತಾಳೆ, ಸುಬ್ಬಿಯೂ ಹೇಳುತ್ತಾಳೆ, ಆದ್ದರಿಂದ ಇದ್ದರೂ ಇರಬಹುದು. ಜಾಗದ ನಾಲ್ಕೂ ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದರೆ ಅದು ಎಲ್ಲಿಯದೆಂದು ತಾವೇ ತಿಳಿದುಕೊಳ್ಳುತ್ತೀರಿ ಎಂದಿದ್ದಳು ಚಂದನಾ. ನಮ್ಮ ಕೇರಿಯಲ್ಲಿ ಹೊಸ ಬೀಗರನ್ನು ಕರೆಯುವಾಗ ಭರತಿಯ, ಅಂದರೆ ಉಬ್ಬರದ ಹೊತ್ತು ನೋಡಿ ಹೇಳಿಕೆ ಕಳಿಸುತ್ತೇವೆ. ಇಳಿತದಲ್ಲಿ ಬಂದವರಿಗೆ ಕಾಣುವುದು ಕೆಸರು, ಮೂಗಿಗೆ ಬರುವುದು ಅದರ ವಾಸನೆ. ಭರತಿಯಲ್ಲಿ ಹೊಳೆ ತುಂಬಿ ಬಂದು, ಎಂಥ ಬಡ ಅಂಗಳವೂ ಸಿರಿವಂತರ ಮನೆಯದಾಗಿ ಕಾಣುತ್ತದೆ. ದೇವಿಯನ್ನು ನನಗೆ ಕೊಡುವ ಮೊದಲು ಅವಳಪ್ಪ ನಮ್ಮ ಮನೆ ನೋಡಿದ್ದು ಹುಣ್ಣಿಮೆಯ ಭರತಿಯಲ್ಲಿ. ಸರಕಾರ ಮೊದಲ ಸಲ ನಮ್ಮ ಜಾಗ ನೋಡುತ್ತಿದೆ, ಚೆನ್ನಾಗಿಯೇ ಕಾಣಲಿ ಎಂದು ನಾನೂ ಅಮಾವಾಸ್ಯೆಯ ಭರತಿಯವರೆಗೆ ಕಾದು, ಕೆಳಗಿನ ಮೂಲೆಯಲ್ಲಿ ಪಂಚೆ ಮಂಡಿಯವರೆಗೆ ಎತ್ತಿಕೊಂಡು, ನಗುತ್ತಾ ನಿಂತು ಫೋಟೊ ತೆಗೆಸಿಕೊಂಡೆ. ಬಹಳ ಚೆನ್ನಾಗಿ ಬಂದಿತ್ತು.

ತಾವು ಅದನ್ನು ನೋಡಿ, ‘ಸೈಟ್ ಫಾಲ್ಸ್ ವಿದಿನ್ ವಾಟರ್ ಬಾಡಿ’ ಎಂದು ತೀರ್ಪು ಕೊಟ್ಟು, ಮೂಲೆಯೊಂದನ್ನೇ ಅಲ್ಲ, ಮನೆ, ಬಾವಿ, ತೆಂಗಿನಮರ, ನನ್ನನ್ನೂ ಹೊಳೆಗೆ ಸೇರಿಸಿದಿರಿ. ಸಮುದ್ರದಿಂದ ದೂರದ ಸಂತೆಗುಳಿಯಲ್ಲಿ ಹುಟ್ಟಿದವರಿಗೆ ಭರತಿಯ ಮರ್ಯಾದೆ ತಿಳಿಯುವುದಿಲ್ಲ; ಚಂದನಾ ತಲೆಯ ಮೇಲೆ ಕೈಯಿಟ್ಟು, ‘ಅಂಕಲ್, ಭರತಿಯಲ್ಲೇ ಎಂತಕ್ಕೆ ಹೋಗಿ ನಿಂತ್ರಿ ನೀವು?’ ಎಂದಳು. ಶಾಂತಾರಾಮನ ಬಳಿ ಓಡಿದೆ. ಅವನ ಕುರ್ಚಿಯ ಪಕ್ಕದ ಕಿಟಕಿಯಿಂದ ನನ್ನ ಜಾಗ ನೇರ ಕಾಣುತ್ತದೆ. ಅದರಲ್ಲಿ ಆಗ ಒಂದು ಕರು ಒಣ ನೆಲದ ಮೇಲೆ ಮಲಗಿ ಮೆಲುಕು ಹಾಕುತ್ತಿತ್ತು. ‘ನೋಡೋ ಮಾರಾಯ’ ಎಂದೆ. ಅವನು ನೋಡಿದ. ‘ನನಗೆ ಕಾಣ್ತದೆ ಕೃಷ್ಣಾನಂದಣ್ಣ, ಸಿಸ್ಟಮ್ಮಿಗೆ ಕಾಣಬೇಕಲ’ ಎಂದು ಕಿಟಕಿ ಮುಚ್ಚಿದ, ಬಿಸಿಲು ಪರದೆಯ ಮೇಲೆ ಬೀಳುತ್ತದೆಂದು.

ಸುಬ್ಬಿಯಂತೂ ಬೇಲಿಯ ಆಚೆ ನಿಂತೇ, ಬುಟ್ಟಿ ಇಳಿಸದೆ, ‘ಎಂತ ಆತು ಅಣ್ಣಾ ನಮ್ಮ ಸಂಡಾಸ?’ ಎಂದು ಕೇಳಿದಳು. ಹೇಳಿದೆ. ಹೆಂಗಸರೆಲ್ಲ ನಕ್ಕರು. ‘ಹಂಗಾರೆ ಇಷ್ಟು ವರ್ಷ ದೇವಕ್ಕ ಮೀನಿನ ಸಂಗ್ತಿಗೆ ಸಂಸಾರ ಮಾಡಿದ್ದಾ?’ ಎಂದಳು. ಆಮೇಲೆ ನಗು ನಿಲ್ಲಿಸಿ, ‘ಮಳೆಗಾಲದೊಳಗೆ ಆಗೂದಾ ಹೇಳಿ ಅಣ್ಣಾ, ಆ ಗಿಡಗಂಟಿಯಲ್ಲಿ ಹಾವು’ ಎಂದು ಬುಟ್ಟಿ ಸರಿಮಾಡಿಕೊಂಡು ಹೋದಳು.

ಆದ ಕಾರಣ ತಮ್ಮಲ್ಲಿ ನನ್ನ ನಮ್ರ ವಿನಂತಿ ಏನೆಂದರೆ, ನಮ್ಮ ಕಡೆಯ ಸಮುದ್ರಕ್ಕೆ ಒಂದು ಸುತ್ತೋಲೆ ಹೊರಡಿಸಿ, ಕಚೇರಿ ಸಮಯದಲ್ಲಿ ಭರತಿ ಬಾರದಂತೆಯೂ, ಬರಲೇಬೇಕಾದಲ್ಲಿ ಎರಡನೇ ಶನಿವಾರ ಬರುವಂತೆಯೂ ಆದೇಶಿಸಬೇಕು. ಸಮುದ್ರ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿಲ್ಲವಾದರೆ, ಚಂದ್ರನಿಗೊಂದು ಲಾಗಿನ್ ಕೊಡಿಸಬೇಕು. ಅದೂ ಕಷ್ಟವೆನಿಸಿದರೆ ನನ್ನನ್ನು ಜಲಚರವೆಂದು ಸ್ಪಷ್ಟವಾಗಿ ದಾಖಲಿಸಿ, ನೀರೊಳಗೆ ಮನೆ ಕರ ಕಟ್ಟಿಸಿಕೊಂಡಿದ್ದು ಯಾವ ಕಾನೂನಿನಡಿ ಎಂದು ತಿಳಿಸಿ, ಕಾಸರಕೋಡದ ದೋಣಿಯವರು ಬಲೆ ಬೀಸುವಾಗ ನನ್ನನ್ನು ಬಿಟ್ಟು ಬೀಸುವಂತೆ ಅವರಿಗೊಂದು ಸೂಚನೆ ಕಳಿಸಬೇಕು. ಇವೆಲ್ಲಕ್ಕಿಂತ ಸುಲಭದ ಇನ್ನೊಂದು ದಾರಿಯೂ ಇದೆ, ಹೇಳಲು ಸಂಕೋಚ: ಯಾರಾದರೂ ಒಬ್ಬರು, ಕಣ್ಣಿರುವವರು, ಕಾಲಿರುವವರು, ಇಳಿತದ ಹೊತ್ತಿಗೆ ಬಂದು ನೋಡುವುದು. ಈ ಪದ್ಧತಿ ಹಿಂದೆ ರೂಢಿಯಲ್ಲಿತ್ತು.

ತಾವು ಇದನ್ನೂ ಮೊದಲೇ ಊಹಿಸಿದ್ದೀರೆಂದು ಈಗಷ್ಟೇ ತಿಳಿಯಿತು. ಬರುವ ಬುಧವಾರ ಸ್ಥಳ ಪರಿಶೀಲನೆಗೆ ಅಧಿಕಾರಿಗಳು ಬರುತ್ತಾರೆಂದು ಮೊಬೈಲಿಗೆ ಸಂದೇಶ ಬಂದಿದೆ. ಅವತ್ತು ಇಳಿತ ಮಧ್ಯಾಹ್ನದ ಹೊತ್ತಿಗೆ. ತಮ್ಮ ಕರುಣೆ ದೊಡ್ಡದು, ಅದರ ಬಗ್ಗೆ ಇನ್ನೂ ನಾಲ್ಕು ಪುಟ ಬರೆಯುವವನಿದ್ದೆ, ಇಂಗ್ಲಿಷಿನಲ್ಲಿ ಆ ‘ಕೈಂಡ್’ ಆದಮೇಲಿನ ಮಾತೂ ನೆನಪಿಗೆ ಬರುತ್ತಿತ್ತು, ಆದರೆ ಅಕ್ಷರಗಳು ಮಸುಕಾಗುತ್ತಿವೆ; ಬೆಳಕು ಹೋಗುತ್ತಿರುವುದನ್ನು ನಾನು ಗಮನಿಸಲೇ ಇಲ್ಲ. ಬೇಲಿಯಾಚೆ ಬುಟ್ಟಿ ಇಳಿಸಿದ ಸದ್ದಾಯಿತು. ಅವರು ಮಾತಾಡುವುದನ್ನು ನಿಲ್ಲಿಸಿದ್ದಾರೆ. ನಾನು ಜಗುಲಿಯ ದೀಪ ಹಾಕದೆ ಎದ್ದು ಒಳಗೆ ಹೋಗಬೇಕು, ಬಾಗಿಲು ಮುಚ್ಚಿಕೊಂಡದ್ದು ಅವರಿಗೆ ಕೇಳುವಂತೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ನೀರೊಳಗಿನವನು,
ಕೃಷ್ಣಾನಂದ

ತಾ.ಕ.: ಬುಧವಾರ ನಾನು ಮನೆಗೆ ಬೀಗ ಹಾಕಿ ಹೊನ್ನಾವರದ ತಂಗಿಯ ಮನೆಗೆ ಹೋಗಿರುತ್ತೇನೆ, ಅಧಿಕಾರಿಗಳ ಸತ್ಕಾರವನ್ನು ಸುಬ್ಬಿಗೆ ಒಪ್ಪಿಸಿದ್ದೇನೆ. ಬಂದ ಕೂಡಲೇ ಎಳನೀರು, ಮೂಲೆಗಳನ್ನು ತೋರಿಸುತ್ತಾ ಮಾಸ್ತಿಯ ಮನೆಯ ಚಹಾ, ಫೋಟೊ ಮುಗಿದ ಮೇಲೆ ಮತ್ತೆ ಎಳನೀರು. ಬೇಡವೆಂದರೆ ಅವಳು ಕೇಳುವವಳಲ್ಲ. ಕೊನೆಗೆ ಮಾಸ್ತಿ ಅವರನ್ನು ದೋಣಿಯಲ್ಲಿ ನಿಧಾನಕ್ಕೆ ಹೊಳೆ ಸುತ್ತಾಡಿಸಿ ತರುತ್ತಾನೆ, ಆರ್‌ಸಿ ಇಲ್ಲದೆ. ಆಮೇಲೆ ಅವರಿಗೆ ತುರ್ತಾಗಿ ಎಲ್ಲಿಗಾದರೂ ಹೋಗಬೇಕೆನಿಸಿದರೆ ನಕ್ಷೆಯಲ್ಲಿರುವ ಖಾಲಿ ಮೂಲೆಯನ್ನು ಸುಬ್ಬಿ ತೋರಿಸುತ್ತಾಳೆ, ಮತ್ತು ಕತ್ತಲಾಗುವವರೆಗೆ ಕಾಯುವುದು ಹೇಗೆಂದು ಪಕ್ಕದಲ್ಲೇ ಕೂತು ಹೇಳಿಕೊಡುತ್ತಾಳೆ.